ಫೋರ್ಟ್ ಕೊಚ್ಚಿಯನ್ನು ನೋಡುವ ಬಗೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಪ್ರವಾಸಾನುಭವ)

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ನಮ್ಮ ಮನೆತನದಲ್ಲಿ ಕೋಶ ಓದುವ ಭಾಗ್ಯ ಮೊದಲು ದೊರೆತದ್ದು ನನಗೆ. ದೇಶ ಸುತ್ತುವ ಭಾಗ್ಯವೂ ಕಳೆದ ಜನವರಿಯಲ್ಲಿ ಒದಗಿತು. ಪರೀಕ್ಷೆ ಮುಗಿದ ಬಳಿಕ ಇಬ್ಬರು ಸಹಪಾಠಿಗಳೊಡನೆ ಮೂರು ದಿನದ ಮಟ್ಟಿಗೆ ಕೇರಳದ ಕೊಚ್ಚಿಗೆ ಹೋಗಿಬಂದೆ. ಸಮುದ್ರವನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಹಿಂದಿರುಗಿದ ಮೇಲೆ ಹಾಸ್ಟೆಲಿನ ಗೆಳೆಯರು, “ಎಷ್ಟು ಖರ್ಚಾಯಿತು? ಏನೇನು ನೋಡಬೇಕು? ನಾವೂ ಹೋಗಬಹುದೇ?” ಎಂದು ಕೇಳತೊಡಗಿದರು. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಬರೆದು ತಿಳಿಸುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ನಾವು ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ಹೇಳಿದ್ದೇನೆ. ಹೋಗುವವರಿಗೆ ಅವೇ ಹೆಚ್ಚು ಉಪಯೋಗಕ್ಕೆ ಬಂದಾವು.

ಮೊದಲು ಸ್ಥಳದ ಪರಿಚಯ. ಕೊಚ್ಚಿ ಒಂದು ದೊಡ್ಡ ನಗರ. ರೈಲು ನಿಲ್ದಾಣ, ಕಚೇರಿಗಳು, ಅಂಗಡಿಗಳ ಗದ್ದಲ ಇವೆಲ್ಲ ಇರುವುದು ಎರ್ನಾಕುಲಂ ಎಂಬ ಭಾಗದಲ್ಲಿ. ಅದರ ಪಶ್ಚಿಮಕ್ಕೆ ಹಿನ್ನೀರು. ಹಿನ್ನೀರಿನ ಆಚೆ, ಅರಬ್ಬೀ ಸಮುದ್ರದ ಅಂಚಿನಲ್ಲಿ, ಭೂಮಿಯ ಮೂಗಿನಂತೆ ಚಾಚಿಕೊಂಡಿರುವ ಹಳೆಯ ಬಡಾವಣೆಯೇ ಫೋರ್ಟ್ ಕೊಚ್ಚಿ. ಅದಕ್ಕೆ ಅಂಟಿಕೊಂಡಂತೆ ದಕ್ಷಿಣ-ಪೂರ್ವಕ್ಕೆ ಮಟ್ಟಾಂಚೇರಿ. ಎರ್ನಾಕುಲದಲ್ಲಿ ಎಲ್ಲರೂ ಓಡುತ್ತಿರುತ್ತಾರೆ. ನೀರು ದಾಟಿದೊಡನೆ ಎಲ್ಲರೂ ನಡೆಯುತ್ತಿರುತ್ತಾರೆ. ಆತುರವಿಲ್ಲದ ಈ ನಡಿಗೆಯೇ ಆ ಬಡಾವಣೆಯ ಸ್ವಭಾವ. ಆದುದರಿಂದ ಆತುರದಿಂದ ನೋಡಹೋದವರಿಗೆ ಅದು ತನ್ನನ್ನು ತೋರಿಸಿಕೊಳ್ಳುವುದೇ ಇಲ್ಲ.

ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದರೆ ಬೆಳಿಗ್ಗೆ ಎರ್ನಾಕುಲವನ್ನು ಮುಟ್ಟಬಹುದು. ಅಲ್ಲಿಂದ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವ ದಾರಿಯೂ ಉಂಟು. ಆದರೆ ನನ್ನ ಸಲಹೆ ದೋಣಿಯ ದಾರಿ. ರಾಜ್ಯದ ಜಲಸಾರಿಗೆ ಇಲಾಖೆಯ ದೋಣಿಗಳು ಎರ್ನಾಕುಲದ ಕಟ್ಟೆಯಿಂದ ಹೊರಟು ಅರ್ಧ ಗಂಟೆಯೊಳಗೆ ಫೋರ್ಟ್ ಕೊಚ್ಚಿಗೆ ತಲುಪಿಸುತ್ತವೆ. ಚೀಟಿಯ ಬೆಲೆ ನಮ್ಮ ಬಸ್ ನಿಲ್ದಾಣದ ಒಂದು ಕಾಫಿಗಿಂತ ಕಡಿಮೆ. ಸ್ವಲ್ಪ ಹೆಚ್ಚು ಕೊಡಬಲ್ಲವರಿಗೆ 2023ರಲ್ಲಿ ಆರಂಭವಾದ ಜಲ ಮೆಟ್ರೋ ಇದೆ. ವಿದ್ಯುತ್ತಿನಿಂದ ನಡೆಯುವ ಆ ದೋಣಿಗಳು 2024ರಿಂದ ಫೋರ್ಟ್ ಕೊಚ್ಚಿಗೂ ಬರುತ್ತಿವೆ. ದಾರಿಯಲ್ಲಿ ಕಾಣುವ ವಿಲ್ಲಿಂಗ್ಡನ್ ದ್ವೀಪ ದೇವರು ಮಾಡಿದ್ದಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರರು ಬಂದರಿಗಾಗಿ ತೋಡಿಸಿದ ಹೂಳನ್ನು ಹಾಕಿ ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ ನಿರ್ಮಿಸಿದ್ದು. ನಮ್ಮಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುತ್ತಾರೆ. ಅಲ್ಲಿ ಹೂಳಿನಿಂದ ಒಂದು ದ್ವೀಪವನ್ನೇ ಮಾಡಿದ್ದಾರೆ.

ದೋಣಿಯಿಂದ ಇಳಿದ ಕೂಡಲೇ ನಾನು ಕೇಳಿದ ಮೊದಲ ಪ್ರಶ್ನೆ, “ಕೋಟೆ ಎಲ್ಲಿ?” ಎಂಬುದು. ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಓದುತ್ತಿರುವ ದುರ್ಗದ ಹುಡುಗ ಮತ್ತೇನು ಕೇಳಿಯಾನು? ಚಹದಂಗಡಿಯವರು ನಕ್ಕು, ಕೋಟೆ ಇಲ್ಲ, ಹೆಸರು ಮಾತ್ರ ಇದೆ ಎಂಬಂತೆ ಕೈಯಾಡಿಸಿದರು. ಪೋರ್ಚುಗೀಸರು ಕೊಚ್ಚಿಯ ರಾಜನ ಒಪ್ಪಿಗೆ ಪಡೆದು 1503ರಲ್ಲಿ ಇಲ್ಲಿ ಕೋಟೆ ಕಟ್ಟಿ ತಮ್ಮ ದೊರೆ ಮ್ಯಾನುಯೆಲನ ಹೆಸರಿಟ್ಟರು. 1663ರಲ್ಲಿ ಅದು ಡಚ್ಚರ ಕೈಸೇರಿತು. 1795ರಲ್ಲಿ ಇಂಗ್ಲಿಷರ ಪಾಲಾಯಿತು. ಇಂಗ್ಲಿಷರು ಗೋಡೆಗಳನ್ನು ಉರುಳಿಸಿದರು. ಈಗ ಕಡಲ ಬಳಿ ಕೊತ್ತಲದ ಗುರುತೂ ಅಲ್ಲಲ್ಲಿ ಕಲ್ಲುಗಳೂ ಮಾತ್ರ ಉಳಿದಿವೆ. ಕೋಟೆಯನ್ನು ಹುಡುಕುತ್ತ ಹೊತ್ತು ಕಳೆಯಬೇಡಿರಿ ಎಂಬುದು ನನ್ನ ಮೊದಲ ಸಲಹೆ.

ಎರಡನೆಯದು, ಮೊದಲ ದಿನ ಯಾವ ವಾಹನವನ್ನೂ ಏರಬೇಡಿರಿ. ನಾವು ಮಾಡಿದ್ದು ಇದಕ್ಕೆ ವಿರುದ್ಧ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿಬಿಡುವ ಆಸೆಯಿಂದ ಒಂದು ಆಟೋ ಗೊತ್ತುಮಾಡಿಕೊಂಡೆವು. ಬಾಡಿಗೆ ಅತಿ ಕಡಿಮೆ ಎಂದು ಹಿಗ್ಗಿದೆವು. ಆತ ನಮ್ಮನ್ನು ಒಂದಾದ ಮೇಲೊಂದರಂತೆ ಮೂರು ದೊಡ್ಡ ಅಂಗಡಿಗಳಿಗೆ ಕರೆದೊಯ್ದ. ಗಿರಾಕಿಗಳನ್ನು ಕರೆತಂದರೆ ಅಂಗಡಿಯವರು ಕೊಡುವ ಹಣವೇ ಆತನ ನಿಜವಾದ ಬಾಡಿಗೆಯೆಂದು ಆಮೇಲೆ ತಿಳಿಯಿತು. ಏನನ್ನೂ ಕೊಳ್ಳಲಾರದ ನಮ್ಮ ಮುಖ ನೋಡಿ ಅಂಗಡಿಯವರಿಗೂ ಬೇಸರ, ಆತನಿಗೂ ಬೇಸರ. ಕೊನೆಗೆ ಯೆಹೂದ್ಯರ ಮಂದಿರದ ಮುಂದೆ ಇಳಿದರೆ ಬಾಗಿಲು ಹಾಕಿತ್ತು. ಅಂದು ಶನಿವಾರ, ಅವರ ಪವಿತ್ರ ದಿನ. ಹೋಗುವವರು ಇದನ್ನು ನೆನಪಿಡಬೇಕು: ಯೆಹೂದ್ಯ ಮಂದಿರಕ್ಕೆ ಶನಿವಾರ ಪ್ರವೇಶವಿಲ್ಲ, ಶುಕ್ರವಾರ ಮಧ್ಯಾಹ್ನದ ಮೇಲೂ ಇಲ್ಲ, ಮಟ್ಟಾಂಚೇರಿಯ ಅರಮನೆಗೆ ಶುಕ್ರವಾರ ರಜೆ, ಇಗರ್ಜಿಗಳಿಗೆ ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೋಗುವುದು ಮರ್ಯಾದೆ.

ಮರುದಿನದಿಂದ ನಡೆದೇ ನೋಡಿದೆವು. ಬಡಾವಣೆ ಚಿಕ್ಕದು. ಹೆಂಚಿನ ಮಾಡು, ದಪ್ಪ ಗೋಡೆ, ಎತ್ತರದ ಕಿಟಕಿಗಳ ಹಳೆಯ ಮನೆಗಳು. ಬೀದಿಯ ಮೇಲೆ ಚಪ್ಪರ ಹಾಸಿದಂತೆ ಹಬ್ಬಿದ ದೊಡ್ಡ ದೊಡ್ಡ ಮಳೆಮರಗಳು. ನಡುವೆ ಹುಡುಗರು ಚೆಂಡಾಡುವ ವಿಶಾಲವಾದ ಪೆರೇಡ್ ಮೈದಾನ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ತಿರುಗಾಡಲು ಒಳ್ಳೆಯ ಹೊತ್ತು. ನಡುಹಗಲಿನ ಸೆಕೆ ನಮ್ಮ ಬಿಸಿಲಿನಂತಲ್ಲ. ನಮ್ಮಲ್ಲಿ ಬೆವರು ಒಣಗುತ್ತದೆ, ಅಲ್ಲಿ ಒಣಗುವುದೇ ಇಲ್ಲ. ಹತ್ತಿಯ ಬಟ್ಟೆ, ಒಂದು ಟವೆಲು, ನೀರಿನ ಬಾಟಲಿ ಇಷ್ಟು ಕೈಯಲ್ಲಿರಲಿ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತವಾದದ್ದು. ಜೂನಿನಲ್ಲಿ ಮುಂಗಾರು ಹಿಡಿದರೆ ಕೊಡೆಗೂ ಕೆಲಸವಿಲ್ಲ.

ಫೋರ್ಟ್ ಕೊಚ್ಚಿಯೆಂದರೆ ಎಲ್ಲರೂ ನೆನೆಯುವುದು ಚೀನೀ ಬಲೆಗಳನ್ನು. ಇವನ್ನು ಚಿತ್ರದಲ್ಲಿ ನೋಡಿದ್ದೆ; ಅವು ಕೆಲಸ ಮಾಡುವ ಬಗೆ ತಿಳಿದಿರಲಿಲ್ಲ. ಹಳೆಯ ಕಾಲದ ಏತವನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಏತದಲ್ಲಿ ಒಬ್ಬನು ತೊಲೆಯ ಮೇಲೆ ನಡೆದರೆ ಅವನ ಭಾರಕ್ಕೆ ಒಂದು ತುದಿ ಬಾಗುತ್ತದೆಯಲ್ಲವೇ? ಇಲ್ಲಿಯೂ ಹಾಗೆಯೇ. ದಡದಲ್ಲಿ ನಿಲ್ಲಿಸಿದ ಮರದ ಚೌಕಟ್ಟಿನ ಒಂದು ಕಡೆ, ನಾಲ್ಕು ಬಾಗಿದ ಗಳುಗಳ ತುದಿಗೆ ಕಟ್ಟಿದ ಬಲೆ ತೊಟ್ಟಿಲಿನಂತೆ ತೂಗುತ್ತದೆ. ಇನ್ನೊಂದು ಕಡೆ ಹಗ್ಗಗಳಲ್ಲಿ ಮೇಲಿಂದ ಕೆಳಗೆ ಸಾಲಾಗಿ ಕಟ್ಟಿದ ಗುಂಡುಕಲ್ಲುಗಳು. ಒಬ್ಬನು ತೊಲೆಯ ಮೇಲೆ ಮುಂದಕ್ಕೆ ನಡೆದರೆ ಬಲೆ ನೀರಿನೊಳಕ್ಕೆ ಇಳಿಯುತ್ತದೆ. ಕೆಲವು ನಿಮಿಷ ಬಿಟ್ಟು ನಾಲ್ಕೈದು ಜನ ಹಗ್ಗ ಹಿಡಿದು ಜಗ್ಗಿದರೆ ಕಲ್ಲುಗಳ ಭಾರವೂ ಸೇರಿ ಬಲೆ ಮೇಲೇಳುತ್ತದೆ. ಅಷ್ಟರೊಳಗೆ ಬಲೆಯ ಮೇಲೆ ಹಾದವು ಮಾತ್ರ ಸಿಕ್ಕುತ್ತವೆ. ಇದನ್ನು ಚೀನಾದವರು ತಂದರೆಂದು ಜನರ ನಂಬಿಕೆ. ಪೋರ್ಚುಗೀಸರು ಮಕಾವಿನಿಂದ ತಂದರೆಂದು ವಾದಿಸುವವರೂ ಇದ್ದಾರೆ.

ನಾವು ನೋಡಿದ ಬೆಳಿಗ್ಗೆ ಐದು ಸಲ ಎತ್ತಿದರೆ ನಾಲ್ಕು ಸಲ ಬಂದದ್ದು ಅಂತರಗಂಗೆಯ ಕಳೆಯೂ ಹಿಡಿಯಷ್ಟು ಚಿಕ್ಕ ಮೀನೂ ಮಾತ್ರ. ಮೀನು ಮೊದಲಿನಂತೆ ಇಲ್ಲವೆಂದು ಅವರೇ ಹೇಳುತ್ತಾರೆ. ಹಗ್ಗ ಜಗ್ಗಲು ಬನ್ನಿರೆಂದು ಪ್ರವಾಸಿಗಳನ್ನು ಕರೆಯುವುದುಂಟು. ಜಗ್ಗಿದ ಮೇಲೆ ಏನಾದರೂ ಕೊಡಬೇಕೆಂದು ನಿರೀಕ್ಷಿಸುವುದೂ ಉಂಟು. ಕೊಡುವ ಮನಸ್ಸಿದ್ದರೆ ಮೊದಲೇ ಎಷ್ಟೆಂದು ಕೇಳಿ ಜಗ್ಗಿರಿ; ಇಲ್ಲದಿದ್ದರೆ ದೂರ ಕುಳಿತು ನೋಡಿರಿ. ನಾನು ಕೊಡಲೂ ಇಲ್ಲ, ಕೇಳಲೂ ಇಲ್ಲ. ಮೊಬೈಲನ್ನು ಅವರ ಮುಖದ ಹತ್ತಿರ ಹಿಡಿದು ಹತ್ತಾರು ಚಿತ್ರಗಳನ್ನು ತೆಗೆದುಕೊಂಡು ಬಂದೆ. ಈ ಸಂಗತಿಗೆ ಮುಂದೆ ಬರುತ್ತೇನೆ.

ಕಡಲತೀರದ ವಿಷಯದಲ್ಲಿ ಹೆಚ್ಚು ಆಸೆ ಇಟ್ಟುಕೊಂಡು ಹೋಗಬೇಡಿರಿ. ಮರಳು ಕಡಿಮೆ, ಕಲ್ಲು ಹೆಚ್ಚು. ಅಲೆಗಳು ದಡವನ್ನು ತಿನ್ನುತ್ತ ಬಂದಿವೆ. ತೇಲಿಬಂದ ಕಳೆ ಮತ್ತು ಕಸವೂ ಇರುತ್ತದೆ. ಈಜಲು ಅದು ಸ್ಥಳವಲ್ಲ. ಅದರಲ್ಲೂ ಕೆರೆಯಲ್ಲಿ ಈಜು ಕಲಿತ ನಮ್ಮಂಥವರು ಸಮುದ್ರದ ಸೆಳೆತವನ್ನು ಹಗುರವಾಗಿ ಎಣಿಸಬಾರದು. ಆದರೆ ಕಾಲುದಾರಿಯ ಕಟ್ಟೆಯ ಮೇಲೆ ಸಂಜೆ ಸುಮ್ಮನೆ ಕುಳಿತರೆ, ಬಂದರಿನ ಕಾಲುವೆಯಲ್ಲಿ ದೊಡ್ಡ ಹಡಗುಗಳು ಕೈಗೆಟಕುವಷ್ಟು ಹತ್ತಿರದಲ್ಲಿ ಹಾದುಹೋಗುತ್ತವೆ. ಮೂರು ಅಂತಸ್ತಿನ ಮನೆಯೊಂದು ಸದ್ದಿಲ್ಲದೆ ಬೀದಿಯಲ್ಲಿ ನಡೆದುಹೋದಂತೆ! ಅದನ್ನು ನೋಡಲು ಕಾಸು ಕೊಡಬೇಕಾಗಿಲ್ಲ.

ಮೈದಾನದ ಬದಿಯಲ್ಲಿರುವ ಸಂತ ಫ್ರಾನ್ಸಿಸರ ಇಗರ್ಜಿಯನ್ನು ಇತಿಹಾಸದ ವಿದ್ಯಾರ್ಥಿಗಳು ತಪ್ಪಿಸಬಾರದು. ಮೊದಲು ಮರದಿಂದ ಕಟ್ಟಿದ್ದನ್ನು 1516ರ ವೇಳೆಗೆ ಕಲ್ಲಿನಲ್ಲಿ ಕಟ್ಟಿ ಮುಗಿಸಿದರು. 1498ರಲ್ಲಿ ಸಮುದ್ರಮಾರ್ಗವಾಗಿ ನಮ್ಮ ದೇಶಕ್ಕೆ ಬಂದನೆಂದು ನಾವು ಉರುಹೊಡೆದ ವಾಸ್ಕೋ ಡ ಗಾಮ 1524ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ಮೃತನಾದಾಗ ಅವನನ್ನು ಹೂಳಿದ್ದು ಇಲ್ಲಿ. ಅವಶೇಷಗಳನ್ನು ಮುಂದೆ ಪೋರ್ಚುಗಲ್ಲಿಗೆ ಒಯ್ದರು. ಗೋರಿಯ ಕಲ್ಲು ಉಳಿದಿದೆ. ನನ್ನ ಕಣ್ಣು ಹೋದದ್ದು ಮಾಡಿನಿಂದ ಇಳಿಬಿದ್ದಿರುವ ಬಟ್ಟೆಯ ಬೀಸಣಿಗೆಗಳ ಮೇಲೆ. ಅವುಗಳ ಹಗ್ಗ ಗೋಡೆಯ ಕಿಂಡಿಯ ಮೂಲಕ ಹೊರಕ್ಕೆ ಹೋಗುತ್ತದೆ. ಒಳಗೆ ದೊರೆಗಳು ತಂಪಾಗಿ ಪ್ರಾರ್ಥಿಸುವಾಗ ಹೊರಗೆ ಬಿಸಿಲಿನಲ್ಲಿ ಕುಳಿತು ಹಗ್ಗ ಎಳೆದವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಸಮೀಪದ ಸಾಂತಾಕ್ರೂಸ್ ಬಸಿಲಿಕಾ ನೋಡಲು ಭವ್ಯ. ಪೋರ್ಚುಗೀಸರ ಹಳೆಯ ದೇವಾಲಯವನ್ನು ಇಂಗ್ಲಿಷರು ಕೆಡವಿದ ಮೇಲೆ ಹೊಸದಾಗಿ ಕಟ್ಟಿ 1905ರಲ್ಲಿ ಪ್ರತಿಷ್ಠೆ ಮಾಡಿದ್ದು.

ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಗೆ ಬಜಾರ್ ರಸ್ತೆಯಲ್ಲಿ ನಡೆದು ಹೋಗಬೇಕು. ಮುಕ್ಕಾಲು ಗಂಟೆಯ ದಾರಿ. ಒಣಶುಂಠಿ, ಮೆಣಸು, ಏಲಕ್ಕಿಗಳ ಹಳೆಯ ಗೋದಾಮುಗಳು ನೀರಿಗೆ ಬೆನ್ನುಮಾಡಿ ನಿಂತಿವೆ. ಇತಿಹಾಸದ ಪುಸ್ತಕದಲ್ಲಿ ‘ಸಾಂಬಾರ ಪದಾರ್ಥಗಳ ವ್ಯಾಪಾರ’ ಎಂದು ಓದಿದ ಒಂದು ಸಾಲು ಅಲ್ಲಿ ಮೂಗಿಗೆ ಬಡಿಯುತ್ತದೆ. ಈ ಮೆಣಸಿಗಾಗಿಯೇ ಪೋರ್ಚುಗೀಸರು ಇಡೀ ಪಶ್ಚಿಮ ಕರಾವಳಿಯನ್ನು ಸುತ್ತುತ್ತಿದ್ದರು. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಎಂದು ಕರೆದದ್ದೂ ಇದರಿಂದಲೇ. ಮಟ್ಟಾಂಚೇರಿಯ ಅರಮನೆಯನ್ನು ಪೋರ್ಚುಗೀಸರು ಸುಮಾರು 1555ರಲ್ಲಿ ಕಟ್ಟಿ ರಾಜನಿಗೆ ಒಪ್ಪಿಸಿದರು. ಡಚ್ಚರು ದುರಸ್ತಿ ಮಾಡಿದ್ದರಿಂದ ಹೆಸರು ಮಾತ್ರ ಡಚ್ ಅರಮನೆ ಎಂದಾಯಿತು. ಹೊರಗಿನಿಂದ ಸಾಧಾರಣವಾಗಿ ಕಾಣುವ ಅದರ ಒಳಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ. ಅವಕ್ಕೆ ಒಂದು ಗಂಟೆಯನ್ನಾದರೂ ಮೀಸಲಿಡಿರಿ.

ಅರಮನೆಯ ಹಿಂದೆಯೇ 1568ರಲ್ಲಿ ಕಟ್ಟಿದ ಪರದೇಶಿ ಯೆಹೂದ್ಯ ಮಂದಿರ. ನೆಲಕ್ಕೆ ಹಾಸಿರುವುದು ಚೀನಾದಿಂದ ತರಿಸಿದ, ಕೈಯಿಂದ ಚಿತ್ರ ಬರೆದ ನೀಲಿ-ಬಿಳಿ ಬಿಲ್ಲೆಗಳು. ಒಂದು ಕಾಲಕ್ಕೆ ಯೆಹೂದ್ಯ ಕುಟುಂಬಗಳಿಂದ ತುಂಬಿದ್ದ ಬೀದಿ ಅದು. 1948ರಲ್ಲಿ ಇಸ್ರೇಲ್ ದೇಶ ಸ್ಥಾಪನೆಯಾದ ಮೇಲೆ ಬಹುಮಂದಿ ಅಲ್ಲಿಗೆ ಹೊರಟುಹೋದರು. ಬೀದಿಯ ಹೆಸರು ಉಳಿದಿದೆ. ಆ ಮನೆಗಳಲ್ಲಿ ಈಗ ಅಂಗಡಿಗಳಿವೆ. ಇದೇ ಮಟ್ಟಾಂಚೇರಿಯಲ್ಲಿ ಗುಜರಾತಿಗಳ ಜೈನ ಮಂದಿರವೂ ಗೋವೆಯಿಂದ ಬಂದ ಕೊಂಕಣಿಗರ ತಿರುಮಲ ದೇವಸ್ಥಾನವೂ ಇವೆ. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟವರಲ್ಲಿ ಕೆಲವರು ನಮ್ಮ ಕನ್ನಡ ಕರಾವಳಿಯಲ್ಲಿ ನಿಂತರು, ಕೆಲವರು ಇಲ್ಲಿಯವರೆಗೆ ಬಂದರು. ಹೀಗೆ ಬಂದವರ ಪೈಕಿ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು, ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯನೊಡನೆ ಸೇರಿ ಗಿಡಮೂಲಿಕೆಗಳ ತಿಳಿವಳಿಕೆಯನ್ನು ಒದಗಿಸಿಕೊಟ್ಟಿದ್ದರಿಂದಲೇ ಡಚ್ ಅಧಿಕಾರಿ ವಾನ್ ರೀಡ್ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಸಸ್ಯಗ್ರಂಥವನ್ನು 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಹೊರತರಲು ಸಾಧ್ಯವಾಯಿತು.

ಊಟ-ವಸತಿಯ ಮಾತು. ಹಲವರು ತಮ್ಮ ಮನೆಗಳಲ್ಲೇ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಒಂದೇ ಕೋಣೆಯಲ್ಲಿ ಹಲವು ಮಂಚಗಳಿರುವ ಅಗ್ಗದ ವಸತಿಗಳೂ ಇವೆ. 2012ರಲ್ಲಿ ಆರಂಭವಾದ ದೊಡ್ಡ ಕಲಾಪ್ರದರ್ಶನ ನಡೆಯುವ ವರ್ಷಗಳಲ್ಲಿ ಡಿಸೆಂಬರಿನಿಂದ ಜನಸಂದಣಿಯೂ ಬಾಡಿಗೆಯೂ ಏರುತ್ತವೆ. ಕಡಲಿಗೆ ಎದುರಾದ ಹೋಟೆಲುಗಳನ್ನು ಬಿಟ್ಟು ಎರಡು ಬೀದಿ ಒಳಗೆ ಬಂದರೆ ಪುಟ್ಟು-ಕಡಲೆ, ಅಪ್ಪಂ, ಕೆಂಪು ಕುಸುಬಲಕ್ಕಿಯ ಊಟ ನಮ್ಮ ಕೈಗೆಟಕುವ ಬೆಲೆಗೆ ಸಿಗುತ್ತವೆ. ಭಾಷೆಗೆ ಹೆದರಬೇಕಾಗಿಲ್ಲ. ‘ಎಲ್ಲಿ’ ಎನ್ನುವುದಕ್ಕೆ ‘ಎವಿಡೆ’, ‘ಸಾಕು’ ಎನ್ನುವುದಕ್ಕೆ ‘ಮತಿ’. ಹಿರಿಯ ಗಂಡಸರನ್ನು ‘ಚೇಟ್ಟಾ’, ಹೆಂಗಸರನ್ನು ‘ಚೇಚಿ’ ಎಂದು ಕರೆದರೆ ಮುಖ ಅರಳುತ್ತದೆ. ರೈಲುಚಾರ್ಜನ್ನೂ ಸೇರಿಸಿ ನನಗಾದ ವೆಚ್ಚ ಹಾಸ್ಟೆಲಿನ ಒಂದು ತಿಂಗಳ ಊಟದ ಹಣಕ್ಕೆ ಸರಿಹೋಯಿತು.

ಇನ್ನು ನಾನು ಹೇಳಲೇಬೇಕಾದ ಕೊನೆಯ ಸ್ಥಳ. ಪೆರೇಡ್ ಮೈದಾನದಿಂದ ದಕ್ಷಿಣಕ್ಕೆ ಅರ್ಧ ಗಂಟೆಯೊಳಗಿನ ನಡಿಗೆಯಲ್ಲಿ ವೇಲಿ ಎಂಬಲ್ಲಿ ಧೋಬಿಖಾನೆ ಇದೆ. ಸೈನಿಕರ ಬಟ್ಟೆ ಒಗೆಯುವುದಕ್ಕೆಂದು ಡಚ್ಚರ ಕಾಲದಲ್ಲಿ ತಮಿಳು ನಾಡಿನಿಂದ ಕರೆತಂದವರ ಪೀಳಿಗೆ ತಾವೆಂದು ಅಲ್ಲಿಯ ವಣ್ಣಾರ್ ಜನ ಹೇಳಿಕೊಳ್ಳುತ್ತಾರೆ. ಸಾಲು ಸಾಲು ಒಗೆಯುವ ತೊಟ್ಟಿಗಳು, ಗಂಜಿಯ ಪಾತ್ರೆಗಳು, ಇದ್ದಲಿನ ಇಸ್ತ್ರಿ ಪೆಟ್ಟಿಗೆಗಳು. ಹಿಂದೆ ವಿಶಾಲವಾದ ಬಯಲಿನಲ್ಲಿ ಒಣಗುವ ಬಟ್ಟೆಗಳು. ಸೋಮವಾರ ಬೆಳಿಗ್ಗೆ ನಾವು ಹೋದಾಗ ಪ್ರವಾಸಿಗಳ ಗುಂಪೊಂದು ಬಂದಿತ್ತು. ಸೊಂಟ ಬಗ್ಗಿಸಿ ಒಗೆಯುತ್ತಿದ್ದ ಮುದುಕರೊಬ್ಬರ ಸುತ್ತ ನಿಂತು, ಒಂದು ಮಾತನ್ನೂ ಆಡದೆ, ಮುಖದ ಹತ್ತಿರ ಮೊಬೈಲು ಹಿಡಿದು ಚಿತ್ರ ತೆಗೆದುಕೊಂಡು ಹೊರಟುಹೋದರು. ನನ್ನ ಕಿವಿ ಬಿಸಿಯಾಯಿತು. ಮರುಕ್ಷಣವೇ ನೆನಪಾಯಿತು: ಹಿಂದಿನ ದಿನ ಬಲೆಯವರ ಎದುರಿಗೆ ನಾನು ಮಾಡಿದ್ದೂ ಇದನ್ನೇ.

ನನ್ನ ಕಿವಿ ಬಿಸಿಯಾದದ್ದಕ್ಕೆ ಕಾರಣವಿದೆ. ನಮ್ಮ ತಂದೆಯ ಕಸುಬೂ ಇದೇ. ಊರಿನಲ್ಲಿ ಉಬ್ಬೆ ಹಾಕಿ ಕೆರೆಗೆ ಬಟ್ಟೆ ಒಯ್ಯುತ್ತಿದ್ದವರು. ಕೆರೆ ಬತ್ತಿದ ಮೇಲೆ ಪೇಟೆಯ ರಸ್ತೆಬದಿಯಲ್ಲಿ ಇಸ್ತ್ರಿಯ ಗಾಡಿ ಇಟ್ಟಿದ್ದಾರೆ. ಕಾಲೇಜಿನಲ್ಲಿ ಯಾರು ಕೇಳಿದರೂ “ತಂದೆ ವ್ಯವಸಾಯಗಾರರು” ಎಂದು ಮೂರು ವರ್ಷ ಹೇಳಿಕೊಂಡು ಬಂದವನು ನಾನು. ಜೊತೆಗಿದ್ದ ಸ್ನೇಹಿತರಿಗೂ ತಿಳಿದಿರಲಿಲ್ಲ.

ಬಯಲಿನಲ್ಲಿ ನನ್ನನ್ನು ನಿಲ್ಲಿಸಿದ್ದು ಅವರ ಹಗ್ಗ. ನಮ್ಮಲ್ಲಿ ಗಾಳಿಗೆ ಬಟ್ಟೆ ಹಾರದಂತೆ ಕ್ಲಿಪ್ಪು ಹಾಕುತ್ತೇವೆ. ಅವರು ಎರಡು ಹಗ್ಗಗಳನ್ನು ಹೊಸೆದು ಬಿಗಿಯಾಗಿ ಕಟ್ಟಿ, ಹೊಸೆತದ ಸಂದಿನಲ್ಲಿ ಬಟ್ಟೆಯ ಮೂಲೆಯನ್ನು ಸಿಕ್ಕಿಸುತ್ತಾರೆ. ಕ್ಲಿಪ್ಪೂ ಬೇಡ, ಗಂಟೂ ಬೇಡ. ಬಹಳ ಹೊತ್ತು ನೋಡುತ್ತ ನಿಂತದ್ದನ್ನು ಕಂಡು ಆ ಮುದುಕರು ತಮಿಳಿನಲ್ಲಿ ಏನೋ ಕೇಳಿದರು. ತಮಿಳು ಬಲ್ಲ ಗೆಳೆಯ ತಿಳಿಸಿದ: “ತಂಬಿ, ಎಲ್ಲರೂ ನಮ್ಮನ್ನು ನೋಡುತ್ತಾರೆ, ನೀನು ಹಗ್ಗವನ್ನು ನೋಡುತ್ತೀಯಲ್ಲ, ಏಕೆ ಎಂದು ಕೇಳುತ್ತಿದ್ದಾರೆ.”

“ನಮ್ಮ ತಂದೆಯದೂ ಇದೇ ಕೆಲಸ ಎಂದು ಹೇಳು” ಎಂದೆ. ಗೆಳೆಯ ಒಮ್ಮೆ ನನ್ನ ಮುಖ ನೋಡಿ, ಏನೂ ಅನ್ನದೆ, ಅವರಿಗೆ ಹೇಳಿದ. ಅವರು ಕೈ ಒರೆಸಿಕೊಂಡು ಎದ್ದು ಬಂದರು. ಮೊದಲು ಕೇಳಿದ್ದು ನನ್ನ ಓದನ್ನಲ್ಲ, “ನಿಮ್ಮ ಕಡೆ ನೀರು ಉಂಟೋ?” ಎಂದು. ಕೆರೆ ತುಂಬಿ ಬಹಳ ವರ್ಷವಾಯಿತೆಂದಾಗ ನಾಲಗೆ ಲೊಚಗುಟ್ಟಿದರು. ಹೊಸೆತ ಎಷ್ಟು ಬಿಗಿ ಇರಬೇಕು, ಗೂಟ ಎಷ್ಟು ದೂರಕ್ಕೆ ನೆಡಬೇಕು, ಗಂಜಿ ಎಷ್ಟು ತೆಳುವಾಗಿರಬೇಕು ಎಂಬುದನ್ನೆಲ್ಲ ತೋರಿಸಿಕೊಟ್ಟರು. ಹೊರಡುವಾಗ ತಾವಾಗಿಯೇ ಹಗ್ಗದ ಪಕ್ಕದಲ್ಲಿ ನಿಂತು ಚಿತ್ರ ತೆಗೆಯೆಂದರು. ಮೂರು ದಿನಗಳಲ್ಲಿ ತೆಗೆದ ನೂರಾರು ಚಿತ್ರಗಳಲ್ಲಿ ನಾನು ಉಳಿಸಿಕೊಂಡಿರುವುದು ಅದೊಂದನ್ನು. ಬಲೆಯವರ ಚಿತ್ರಗಳನ್ನು ರೈಲಿನಲ್ಲಿಯೇ ಅಳಿಸಿಹಾಕಿದೆ.

ಆದುದರಿಂದ ಹೋಗುವ ಮಿತ್ರರಿಗೆ ನನ್ನ ಸಲಹೆಗಳ ಸಾರ ಇಷ್ಟೆ. ದೋಣಿಯಲ್ಲಿ ಹೋಗಿರಿ, ಕಾಲ್ನಡಿಗೆಯಲ್ಲಿ ನೋಡಿರಿ, ವಾರದ ರಜೆಗಳನ್ನು ತಿಳಿದು ಹೊರಡಿರಿ. ಕಟ್ಟಡಗಳನ್ನು ನೋಡಲು ಚೀಟಿ ಸಾಕು. ಜನರನ್ನು ನೋಡುವ ಮೊದಲು ಅವರ ಒಪ್ಪಿಗೆ ಬೇಕು. ಅವರ ಕೆಲಸದ ವಿಷಯವಾಗಿ ಒಂದು ಪ್ರಶ್ನೆ ಕೇಳಿರಿ. ಅಲ್ಲಿ ಯಾರಿಗೂ ಆತುರವಿಲ್ಲದ ಕಾರಣ ಉತ್ತರ ಖಂಡಿತ ದೊರೆಯುತ್ತದೆ.

ಊರಿಗೆ ಬಂದು ಹಗ್ಗದ ವಿಷಯ ಹೇಳಿದಾಗ ನಮ್ಮ ತಂದೆ ಮೊದಲು ನಂಬಲಿಲ್ಲ. ಸಂಜೆ ಅವರೇ ಎರಡು ತೆಂಗಿನ ನಾರಿನ ಹಗ್ಗ ತಂದು, ನಾನೊಂದು ತುದಿ ತಾವೊಂದು ತುದಿ ಹಿಡಿದು ಹೊಸೆದು, ಹಿತ್ತಿಲಿನಲ್ಲಿ ಕಟ್ಟಿದರು. ಗಾಳಿಗೆ ಒಂದು ಬಟ್ಟೆಯೂ ಬೀಳಲಿಲ್ಲ. ಆಮೇಲೆ ಕೇಳಿದರು, “ಸಮುದ್ರ ಹೆಂಗಿತ್ತಪ್ಪಾ?” ಎಂದು. ಮುಂದಿನ ಬಾರಿ ಅವರನ್ನೇ ಕರೆದುಕೊಂಡು ಹೋಗಿ ತೋರಿಸಬೇಕೆಂದಿದ್ದೇನೆ.